ಮೀಸೆ ಕೊಟ್ಟು ಸಮುದ್ರ ದಾಟಿದ್ದು

ನನ್ನ ಮಗಳು ವಿದೇಶಕ್ಕೆ ಹೊರಟದ್ದು ನಿದ್ದೆ ಮಾಡುವುದಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ಮುಂದಿನ ಅವಾಂತರವೆಲ್ಲ ಏತಕ್ಕೆ ನಡೆಯಿತೆಂದು ಓದುವವರಿಗೆ ತಿಳಿಯದೆ ಹೋದೀತು.

ಅವಳ ಮಗುವಿಗೆ ಮೂರನೆಯ ವರ್ಷ ನಡೆಯುತ್ತಿತ್ತು. ಅಷ್ಟು ಕಾಲದಲ್ಲಿ ಅದರ ತಾಯಿ ಒಂದು ಮಧ್ಯಾಹ್ನ ನೆಟ್ಟಗೆ ಕಣ್ಣು ಮುಚ್ಚಿದವಳಲ್ಲ. ವಾರವೆಲ್ಲ ಕಾಲೇಜಿನಲ್ಲಿ ಪಾಠ, ಭಾನುವಾರ ಬಂದರೆ ಒಗೆಯುವ ಬಟ್ಟೆ, ತಿದ್ದುವ ಪತ್ರಿಕೆಗಳ ಕಟ್ಟು, ಹೇಳದೆ ಬರುವ ನೆಂಟರು. "ಅರಸೀಕೆರೇಲಿದ್ರೆ ಯಾರಾದ್ರೂ ಬಾಗಿಲು ತಟ್ಟೇ ತಟ್ತಾರೆ ಅಪ್ಪಾ. ನನ್ನ ಗುರುತೇ ಇಲ್ಲದ ಕಡೆ ಹೋಗಿ, ಒಂದೇ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿ, ಸಂಜೆ ಏಳ್ಬೇಕು. ಅಷ್ಟೇ ನಂಗೆ ಬೇಕಾಗಿರೋದು," ಎಂದಳು. ಬೇಡಿಕೆ ನ್ಯಾಯವಾಗಿತ್ತು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದ ನಾನು ದರಖಾಸ್ತನ್ನು ಮೇಲಿನವರಿಗೆ ಕಳಿಸದೆ ಸ್ಥಳದಲ್ಲೇ ಮಂಜೂರು ಮಾಡಿದೆ.

ದೇಶಗಳ ಪೈಕಿ ಶ್ರೀಲಂಕಾ ಗೆದ್ದಿತು. ಅರಸೀಕೆರೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಕೂರುವುದಕ್ಕಿಂತ ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಕೂರುವ ಹೊತ್ತು ಕಡಿಮೆ, ಮಗುವಿನ ತಾಳ್ಮೆಯೂ ಸುಮಾರು ಅಷ್ಟೇ ಎಂಬುದು ಮಗಳ ಲೆಕ್ಕ. ನನ್ನ ಹೆಂಡತಿ, "ಸೀತಮ್ಮ ಕೂತು ಅತ್ತ ಊರಿಗೆ ನೀವು ಸಂತೋಷಪಡೋಕೆ ಹೋಗ್ತೀರಾ?" ಎಂದು ಒಂದು ಸಲ ಕೇಳಿ, ಉತ್ತರಕ್ಕೂ ಕಾಯದೆ, ಮಗುವಿಗೆ ಅಲ್ಲಿ ಕುಡಿಸಬೇಕಾದ ರಾಗಿ ಸರಿಗೆ ರಾಗಿ ಹುರಿಯಲು ಕುಳಿತಳು. ಅಳಿಯ ಬ್ಯಾಂಕಿನವನು, ರಜೆ ಸಿಕ್ಕಿದ್ದೇ ಪುಣ್ಯವೆಂದು ಯಾವುದಕ್ಕೂ ಎದುರಾಡಲಿಲ್ಲ.

ಮಗಳ ಯೋಜನೆಗೆ ಒಂದೇ ಅಡಿಪಾಯ. ದೇಶ ಹೊಸದಾದರೂ ಮಗುವಿಗೆ ಮಿಕ್ಕದ್ದೆಲ್ಲ ಹಳೆಯದೇ ಇರಬೇಕು: ಅದೇ ಹೊದಿಕೆ, ಅದೇ ಬೆಳ್ಳಿ ಲೋಟ, ಅದೇ ರಾಗಿ ಸರಿ, ಅದೇ ತಾತ. ಈ ಕಡೆಯ ವಸ್ತುವಿನ ಬಗ್ಗೆ ಸ್ವಲ್ಪ ವಿವರಿಸಬೇಕು. ತಂದೆ ತಾಯಿ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ಮಧ್ಯಾಹ್ನದ ಹೊತ್ತು ಮಗುವಿನ ಸ್ವಾಧೀನ ನನ್ನದು. ಉಂಡಾದ ಮೇಲೆ ಅವನು ನನ್ನ ಎದೆಯ ಮೇಲೆ ಬೋರಲು ಮಲಗಿ, ನನ್ನ ಮೀಸೆಯ ಬಲದ ತುದಿಯನ್ನು ಎರಡು ಬೆರಳಲ್ಲಿ ಹಿಡಿದುಕೊಳ್ಳುತ್ತಿದ್ದ. ನಾನು ಜೋಗುಳ ಬಲ್ಲವನಲ್ಲ. ಬಾಯಿಪಾಠವಿರುವುದು ಚಕ್ಕುಬಂದಿ, ಅಂದರೆ ಜಮೀನಿನ ಪತ್ರದಲ್ಲಿ ಯಾವ ದಿಕ್ಕಿಗೆ ಏನಿದೆ ಎಂದು ಬರೆಯುವ ಸಾಲುಗಳು. ಅದನ್ನೇ ರಾಗವಾಗಿ ಹೇಳುತ್ತಿದ್ದೆ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ತೆಂಗಿನ ತೋಟ, ಉತ್ತರಕ್ಕೆ ಕೆರೆ ಏರಿ, ದಕ್ಷಿಣಕ್ಕೆ ಸರ್ಕಾರಿ ರಸ್ತೆ. ನಾಲ್ಕು ದಿಕ್ಕು ಮೂರು ಸಲ ಸುತ್ತುವಷ್ಟರಲ್ಲಿ ಮೀಸೆಯ ಹಿಡಿತ ಸಡಿಲವಾಗುತ್ತಿತ್ತು. ಮಧ್ಯಾಹ್ನ ಅವನು ಬೇರೆ ಯಾರ ಹತ್ತಿರವೂ ಮಲಗಿದ ದಾಖಲೆ ಇರಲಿಲ್ಲ. ಆದ್ದರಿಂದ ಸಮುದ್ರದ ದಡದಲ್ಲಿ ಎರಡು ಕೋಣೆ. ಒಂದರಲ್ಲಿ ನಾನು, ಮೀಸೆ, ಮಗು. ಇನ್ನೊಂದರಲ್ಲಿ ಬಾಗಿಲು ಹಾಕಿಕೊಂಡು ಮಗಳು.

ಆಕ್ಷೇಪಣೆ ಬಂದದ್ದು ಮನೆದೇವರ ಕಡೆಯಿಂದ. ಹುಟ್ಟಿದ ಹೊಸದರಲ್ಲಿ ಮಗು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗಿದ್ದಾಗ ನನ್ನ ಹೆಂಡತಿ ಅದರ ಮುಡಿ ಕೊಡುತ್ತೇನೆಂದು ಹರಕೆ ಹೊತ್ತಿದ್ದಳು. ಹುಟ್ಟುಗೂದಲು ತೆಗೆಸುವ ಜವಳ ಬೆಸ ವರ್ಷದಲ್ಲೇ ಆಗಬೇಕು. ನಾವು ಪ್ರವಾಸ ಮುಗಿಸಿ ಬರುವ ಹೊತ್ತಿಗೆ ಮೂರು ತುಂಬಿ ನಾಲ್ಕು ಹಿಡಿಯುತ್ತಿತ್ತು. ಪಾಸ್‌ಪೋರ್ಟಿನಲ್ಲಿ ಮಗುವಿನ ಗುಂಗುರು ಕೂದಲನ್ನು ಎರಡು ಜುಟ್ಟು ಕಟ್ಟಿದ ಪಟ ಇದೆ, ತಲೆ ಬೋಳಿಸಿದರೆ ವಿಮಾನದವರು ಬಿಡುತ್ತಾರೋ ಇಲ್ಲವೋ ಎಂದು ಮಗಳು ವಾದಿಸಿದಳು. "ಹರಕೆ ಕೂದಲು ಹೊತ್ಕೊಂಡು ಸಮುದ್ರ ದಾಟೋ ಹಾಗಿಲ್ಲ ಕಣೇ," ಎಂದು ಹೆಂಡತಿ ತೀರ್ಪು ಕೊಟ್ಟಳು. ಎರಡು ದಿನ ಮನೆಯಲ್ಲಿ ಪಾತ್ರೆಗಳು ಮಾತಾಡಿದವು. ಕಡೆಗೆ ಮಗಳು ಒಂದು ಷರತ್ತಿನ ಮೇಲೆ ಒಪ್ಪಿದಳು: ತಲೆಯೊಂದು ಬಿಟ್ಟು ಮಗುವಿನ ಲೋಕದಲ್ಲಿ ಇನ್ನೇನೂ ಬದಲಾಗಕೂಡದು.

ವಿಮಾನಕ್ಕೆ ಒಂದು ವಾರ ಇರುವಾಗ ಗೆಂಡೆಹಳ್ಳಿ ಪಕ್ಕದ ನಮ್ಮ ಮನೆದೇವರಿಗೆ ಕಾರು ಮಾಡಿಕೊಂಡು ಹೊರಟೆವು. ಆ ದಿನವನ್ನೂ ದಂಡ ಮಾಡದೆ ಮಗಳು ಅದನ್ನು ವಿದೇಶದ ತಾಲೀಮು ಎಂದು ಘೋಷಿಸಿದಳು. ಹಳೇಬೀಡಿನಲ್ಲಿ ಇಳಿದು, ಪ್ರವಾಸಿಗರು ನೋಡುವ ಸ್ಥಳದಲ್ಲಿ ಮಗು ಹೇಗೆ ವರ್ತಿಸುತ್ತದೆ ಎಂಬ ಪರೀಕ್ಷೆ. ಅವನು ಗುಡಿಯ ಬುಡದ ಆನೆ ಸಾಲಿನಲ್ಲಿ ಒಂದೊಂದು ಆನೆಗೂ ಕೈ ಮುಗಿಯುತ್ತ ಹೋಗಿ, ಮೂಲೆ ತಿರುಗಿದರೆ ಅಲ್ಲೂ ಆನೆಗಳೇ ಇರುವುದನ್ನು ಕಂಡು ಕೂತೇ ಬಿಟ್ಟ. ಎತ್ತಿಕೊಂಡು ಬರಬೇಕಾಯಿತು. ಬೇಲೂರಿನಲ್ಲಿ ದೇವಸ್ಥಾನದ ಮುಂದೆ ಕಾರು ನಿಂತಾಗ ಅವನು ನನ್ನ ಮೀಸೆ ಹಿಡಿದು ಗಾಢ ನಿದ್ದೆಯಲ್ಲಿದ್ದ. ಮುಂದಿನ ಸೀಟಿನಿಂದ ತಿರುಗಿ ನೋಡಿದ ಮಗಳ ಮುಖದಲ್ಲಿ, ಬಹಳ ದಿನದ ಮೇಲೆ, ಒಂದು ನಗು ಕಂಡೆ. ಯೋಜನೆ ಕೆಲಸ ಮಾಡುತ್ತಿತ್ತು.

ದೇವರ ಮುಂದಿನ ಕಟ್ಟೆಯ ಮೇಲೆ ಮಗು ಸೋದರಮಾವನ ತೊಡೆಯಲ್ಲಿ ಕೂರಬೇಕು. ಮಾವನೇ ಮೊದಲ ಎಳೆ ಕತ್ತರಿಸಬೇಕು. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ನಡೆಸುವ ನನ್ನ ಮಗ ಅಂದು ಹೊಸ ಪಂಚೆ ಉಟ್ಟು ಆ ಅಧಿಕಾರ ವಹಿಸಿಕೊಂಡಿದ್ದ. ಎಳೆ ಕತ್ತರಿಸಿದ್ದಾಯಿತು. ಆದರೆ ಕ್ಷೌರದವರು ನೀರು ಚಿಮುಕಿಸಿ ಕತ್ತಿ ತೆಗೆದದ್ದೇ ತಡ, ಮಗು ಮೀನಿನ ಹಾಗೆ ಒದ್ದಾಡತೊಡಗಿತು. ಒದ್ದಾಡುವ ತಲೆಯ ಮೇಲೆ ಕತ್ತಿ ಇಡುವುದು ಹೇಗೆ? ನನ್ನ ಮಗ ಅವನನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು ನನ್ನ ಕಡೆ ನೋಡಿದ. ಮಗಳು ನೋಡಲಾರದೆ, ಹಾಲಿನ ಲೋಟ ತರುವ ನೆಪ ಮಾಡಿ ಕಾರಿನ ಕಡೆ ನಡೆದಳು. ಬಿಕ್ಕಳಿಕೆಯ ನಡುವೆ ಮಗು, "ತಾತಂಗೆ ಮೊದ್ಲು," ಎಂದಿತು.

ನಾನು ಕೂತೆ. ನೆತ್ತಿಯ ಮೇಲೆ ನಾಲ್ಕು ಕೂದಲು ತೆಗೆಸಿ, ನೋವಾಗುವುದಿಲ್ಲವೆಂದು ನಕ್ಕು ತೋರಿಸಿ ಏಳುವುದು ನನ್ನ ಉದ್ದೇಶ. ಮಗು ಕಣ್ಣರಳಿಸಿ ನೋಡುತ್ತಿತ್ತು, ಸುಮ್ಮನಾಗಿತ್ತು. ಹಾಗಾಗಿ ಇಡೀ ತಲೆ ಹೋದರೂ ಹೋಗಲಿ ಎಂದು ಕಣ್ಣು ಮುಚ್ಚಿದೆ. ಗದ್ದವನ್ನು ಯಾರೋ ಮೇಲೆತ್ತಿದಂತಾಯಿತು. ಮೂಗಿನ ಕೆಳಗೆ ತಣ್ಣಗೆ ಕತ್ತಿ ಹರಿಯಿತು. ನಾನು ಗಂಟಲಲ್ಲೇ ಒಂದು ಸದ್ದು ಮಾಡಿದೆ.

"ಅಲ್ಲಾಡ್‌ಬ್ಯಾಡಿ ಯಜಮಾನ್ರೆ. ದೇವ್ರ ಮುಂದೆ ಕುಂತ ಮ್ಯಾಲೆ ಅರ್ಧ ಕೊಟ್ಟು ಏಳಂಗಿಲ್ಲ. ಮುಡಿ ಅಂದ್ರೆ ಮೀಸೆನೂ ಸೇರ್ತು," ಎಂದರು ಆತ, ಬಲದ ತುದಿಯನ್ನು ಬಾಳೆಲೆಯ ಮೇಲೆ ಇಡುತ್ತ.

ಮೂಗಿನ ಕೆಳಗೆ ಕತ್ತಿ ಇರುವ ಮನುಷ್ಯ ಮೇಲ್ಮನವಿ ಸಲ್ಲಿಸಲಾರ. ಎಡದ ತುದಿಯೂ ಹೋಯಿತು. ನಲವತ್ತು ವರ್ಷ ಕಚೇರಿಯಲ್ಲಿ ನನಗಿಂತ ಹೆಚ್ಚು ಮರ್ಯಾದೆ ಪಡೆದ ಮೀಸೆ ಅದು. ಹೆಂಡತಿ ಭಕ್ತಿಯಿಂದ ಕೈ ಮುಗಿದುಕೊಂಡು ನಿಂತಿದ್ದಳು. ದೇವರಿಗೋ ಮೀಸೆಗೋ ತಿಳಿಯಲಿಲ್ಲ. ಮಗು ಬೆಕ್ಕಸಬೆರಗಾಗಿ ಕೂತಿದ್ದರಿಂದ ಅವನ ಜವಳ ಸರಾಗವಾಗಿ ಮುಗಿಯಿತು. ಅಷ್ಟರಲ್ಲಿ ಲೋಟ ಹಿಡಿದು ಬಂದ ಮಗಳು ನನ್ನನ್ನು ನೋಡಿ ನಿಂತುಬಿಟ್ಟಳು. ಅವಳು ಕೂಗಾಡಲಿಲ್ಲ. "ಅಪ್ಪಾ, ಅವನು ಏನು ಹಿಡ್ಕೊಂಡು ಮಲಗ್ತಾನೆ ಈಗ?" ಎಂದಷ್ಟೇ ಕೇಳಿದಳು. ನಾನು ಕೈ ಚಾಚಿದೆ. ಮಗು ನನ್ನ ಮುಖವನ್ನು ನೋಡಿ, ಕಿರುಚಿಕೊಂಡು ಅವಳ ಸೆರಗಿನಲ್ಲಿ ಹುದುಗಿತು.

ಆ ವಾರವನ್ನು ನೆನೆಯಲು ಈಗಲೂ ಹಿತವಾಗುವುದಿಲ್ಲ. ಬೀದಿಯಲ್ಲಿ ಬೋಳು ತಲೆ, ಬೋಳು ತುಟಿ ಕಂಡವರು ದನಿ ತಗ್ಗಿಸಿ ಯಾರು ಹೋದರೆಂದು ವಿಚಾರಿಸಿದರು. ಹಳೆಯ ಸ್ನೇಹಿತನೊಬ್ಬ, "ಏನ್ಲಾ, ನೀನು ಹೋಗಿ ನಿನ್ ತಮ್ಮ ಬಂದಂಗೈತಲ್ಲೋ," ಎಂದ. ಅದನ್ನೆಲ್ಲ ಸಹಿಸಬಹುದಿತ್ತು. ಮಗು ಮಾತ್ರ ದಿನಾ ಜಗಲಿಯಲ್ಲಿ ನನ್ನ ಮುಂದೆಯೇ ನಿಂತು, "ತಾತ ಎಲ್ಲಿ?" ಎಂದು ನನ್ನನ್ನೇ ಕೇಳುತ್ತಿತ್ತು. ಚಕ್ಕುಬಂದಿ ಶುರು ಮಾಡಿದರೆ, ತಾತನ ಆಸ್ತಿಯನ್ನು ಕದ್ದವನನ್ನು ನೋಡುವ ಹಾಗೆ ನೋಡಿ ಕಿವಿ ಮುಚ್ಚಿಕೊಳ್ಳುತ್ತಿತ್ತು. ಹೆಂಡತಿ ತನ್ನ ಪಾಲಿನ ಪ್ರಾಯಶ್ಚಿತ್ತವಾಗಿ ಕಾಡಿಗೆಯಲ್ಲಿ ನನಗೊಂದು ಮೀಸೆ ಬರೆದಳು. ಮಗು ಆಸೆಯಿಂದ ಓಡಿ ಬಂದು ಹಿಡಿಯಿತು. ಬೆರಳು ಕಪ್ಪಾಗಿ, ಕೈಗೆ ಏನೂ ಸಿಗದೆ, ಮೊದಲಿನ ಎರಡರಷ್ಟು ಅತ್ತಿತು. ಮಧ್ಯಾಹ್ನದ ನಿದ್ದೆ ನಿಂತೇಹೋಯಿತು. ಮಗಳು ಕಾಲೇಜಿಗೆ ರಜೆ ಹಾಕಿ ಅವನನ್ನು ಹೆಗಲ ಮೇಲೆ ಹಾಕಿಕೊಂಡು ಹಜಾರದಲ್ಲಿ ಓಡಾಡಿದಳು. ಅವಳ ಕಣ್ಣ ಕೆಳಗಿನ ಕಪ್ಪು ನನ್ನ ಕಾಡಿಗೆ ಮೀಸೆಗಿಂತ ಗಾಢವಾಗಿತ್ತು.

ಹೋಗುವುದೇ ಬೇಡ ಎನ್ನುವ ಮಾತು ಯಾರ ಬಾಯಲ್ಲೂ ಬರಲಿಲ್ಲ, ಎಲ್ಲರ ಮುಖದಲ್ಲೂ ಇತ್ತು. ಅದನ್ನು ಹಾಗೇ ಹೊತ್ತುಕೊಂಡು ವಿಮಾನ ನಿಲ್ದಾಣಕ್ಕೆ ಹೋದೆವು. ಗಾಜಿನ ಕಟಕಟೆಯ ಹಿಂದಿನ ಅಧಿಕಾರಿ ಮಗುವಿನ ಪಾಸ್‌ಪೋರ್ಟಿನ ಎರಡು ಜುಟ್ಟನ್ನೂ ಎದುರಿಗಿದ್ದ ನುಣ್ಣನೆಯ ತಲೆಯನ್ನೂ ನೋಡಿ, "ಜವಳ ಆಯ್ತೇನೋ ಮರಿ?" ಎಂದು ಕೇಳಿ ಮುದ್ರೆ ಒತ್ತಿದರು. ವಾರವೆಲ್ಲ ಮಗಳನ್ನು ಕಾಡಿದ ಭಯ ಅಷ್ಟರಲ್ಲಿ ಮುಗಿಯಿತು. ಆಮೇಲೆ ನನ್ನ ಸರದಿ. ಅವರು ಪಟ ನೋಡಿದರು, ನನ್ನನ್ನು ನೋಡಿದರು, ಕನ್ನಡಕ ತೆಗೆಯಲು ಹೇಳಿ ಮತ್ತೆ ನೋಡಿದರು. ಹಿಂದಿನ ಸಾಲಿನವರು ಕತ್ತು ಚಾಚಿದರು.

"ಮೀಸೆ ಎಲ್ಲಿ ಸಾರ್?"

"ಮನೆದೇವರ ಹತ್ತಿರ ಇದೆ," ಎಂದೆ.

ಅವರು ನಗಲಿಲ್ಲ. ಮಗಳ ಸೊಂಟದ ಮೇಲಿದ್ದ ಮಗುವಿಗೆ ನನ್ನನ್ನು ತೋರಿಸಿ, "ಯಾರೋ ಇದು?" ಎಂದರು. ಮಗು ನನ್ನನ್ನು ಅಡಿಯಿಂದ ಮುಡಿಯವರೆಗೆ ಪರಿಶೀಲಿಸಿ, ಸಾಕ್ಷಿ ಹೇಳುವವನ ಸ್ಪಷ್ಟತೆಯಿಂದ, "ಗೊತ್ತಿಲ್ಲ. ತಾತ ಊರಲ್ಲಿದ್ದಾರೆ," ಎಂದಿತು.

ನನ್ನ ಸರ್ವೀಸಿನಲ್ಲಿ ಎಷ್ಟೋ ಜನರಿಗೆ, ನೀನು ನೀನೇ ಎಂಬುದಕ್ಕೆ ಪುರಾವೆ ತಾ ಎಂದು ಹೇಳಿ ಕಳಿಸಿದ್ದೆ. ಅಲ್ಲಿ ನಿಂತಾಗ ಅವರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಮಗಳು ತುಟಿ ಕಚ್ಚಿಕೊಂಡು ನಿಂತಿದ್ದಳು. ಹುಟ್ಟಿದ ತಾರೀಕು, ತಂದೆಯ ಹೆಸರು, ಹೆಬ್ಬೆರಳು ಎಲ್ಲ ಆದ ಮೇಲೆ ಅಧಿಕಾರಿ ಮುದ್ರೆ ಒತ್ತಿ, "ವಾಪಸ್ ಬರೋವಾಗಲಾದ್ರೂ ಸ್ವಲ್ಪ ಬೆಳೆಸ್ಕೊಂಡು ಬನ್ನಿ," ಎಂದರು.

ಸಮುದ್ರದ ದಡದ ಹೋಟೆಲು ಯೋಜನೆಯಲ್ಲಿದ್ದ ಹಾಗೆಯೇ ಇತ್ತು. ಎರಡು ಕೋಣೆ, ಎದುರಿಗೆ ಮರಳು, ಹಿಂದೆ ತೆಂಗಿನ ಮರ. ತೆಂಗಿನ ಮರ ನೋಡಲು ಇಷ್ಟು ದೂರ ಬಂದದ್ದಕ್ಕೆ ನನ್ನ ಹೆಂಡತಿ ನಿಟ್ಟುಸಿರಿಟ್ಟಳು. ಯೋಜನೆಯಂತೆ ನಡೆಯದಿದ್ದುದು ಒಂದೇ. ಬೆಳಿಗ್ಗೆಯೆಲ್ಲ ಅಲೆಗಳಿಗೆ ಕಲ್ಲು ಎಸೆದು ದಣಿದರೂ, ಉಂಡಾದ ಕೂಡಲೇ ಮಗು ತಾಯಿಯ ಕುತ್ತಿಗೆಗೆ ಜೋತುಬೀಳುತ್ತಿತ್ತು. ತಂದೆ ಎತ್ತಿಕೊಂಡರೆ ಅಳು, ಅಜ್ಜಿ ಎತ್ತಿಕೊಂಡರೆ ಅಳು. ನಾನು ಹತ್ತಿರ ಸುಳಿಯುವ ಹಾಗೇ ಇರಲಿಲ್ಲ. ಒಂದು ಮಧ್ಯಾಹ್ನ ಹೋಯಿತು, ಎರಡನೆಯದೂ ಹೋಯಿತು. ಮರುದಿನ ಊಟದ ಹೊತ್ತಿಗೆ ಮಗಳು ತಟ್ಟೆಯ ಮುಂದೆ ಕೂತು ಅನ್ನ ಕಲಸುವುದನ್ನು ಮರೆತು ಗೋಡೆ ನೋಡುತ್ತಿದ್ದಳು. "ಇದಕ್ಕೆ ಅರಸೀಕೆರೆನೇ ಸಾಕಾಗಿತ್ತಲ್ಲಾ ಅಪ್ಪಾ," ಎಂದಳು. ದೂರಿನ ದನಿ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಮಾರನೆಯ ದಿನ ಬೆಳಿಗ್ಗೆಯೇ ವಾಪಸು ಹೊರಡುವುದು.

ಅಂದು ಅವಳು ಕೈ ತೊಳೆಯಲು ಹೋದಾಗ ಮಗು ನನ್ನ ಕೋಣೆಗೆ ಓಡಿ ಬಂತು. ಚೆಂಡು ಹುಡುಕಿಕೊಂಡು ಬಂದದ್ದು. ಅಲ್ಲಿ ನಾನಿದ್ದುದನ್ನು ಕಂಡು ಬಾಗಿಲ ಕಡೆ ಓಡಲೂ ಧೈರ್ಯವಾಗದೆ ಕಿಟಕಿಯ ದಪ್ಪ ಪರದೆಯ ಹಿಂದೆ ನುಗ್ಗಿತು. ಪರದೆಯ ಕೆಳಗೆ ಎರಡು ಪುಟ್ಟ ಪಾದ ಮಾತ್ರ ಕಾಣುತ್ತಿತ್ತು. ನಾನು ಎಳೆಯಲಿಲ್ಲ, ಕರೆಯಲಿಲ್ಲ. ಪರದೆಯ ಈಚೆ ನೆಲದ ಮೇಲೆ, ಗೋಡೆಗೆ ಒರಗಿ ಕುಳಿತೆ. ಬೇರೆ ಏನೂ ತೋಚದೆ, ಯಾರಿಗೂ ಅಲ್ಲದ ಹಾಗೆ, ಮೆಲ್ಲಗೆ ಹೇಳತೊಡಗಿದೆ. ಪೂರ್ವಕ್ಕೆ ಹಳ್ಳ. ಪಶ್ಚಿಮಕ್ಕೆ ತೆಂಗಿನ ತೋಟ. ಪಾದಗಳು ಅಲುಗಲಿಲ್ಲ. ಉತ್ತರಕ್ಕೆ ಕೆರೆ ಏರಿ. ದಕ್ಷಿಣಕ್ಕೆ ಎಂದು ನಿಲ್ಲಿಸಿ ಪಾದಗಳನ್ನೇ ನೋಡಿದೆ.

"ರಸ್ತೆ," ಎಂದಿತು ಪರದೆ.

ನಾನು ಮತ್ತೆ ಪೂರ್ವದಿಂದ ಶುರು ಮಾಡಿದೆ. ಎರಡನೆಯ ಸುತ್ತಿನಲ್ಲಿ ಪರದೆಯ ಅಂಚಿನಿಂದ ಒಂದು ಕೈ ಹೊರಬಂದು, ನೋಡದೆಯೇ, ನನ್ನ ಮುಖವನ್ನು ತಡಕಿತು. ಮೂಗು ಸಿಕ್ಕಿತು. ಅದರ ಕೆಳಗೆ ಹತ್ತು ದಿನದ ಬೆಳೆ, ಮುಳ್ಳು ಮುಳ್ಳು. "ಚುಚ್ತದೆ," ಎಂದು ಕೈ ಹಿಂದೆ ಹೋಯಿತು. ನಾನು ನಿಲ್ಲಿಸಲಿಲ್ಲ. ಕೈ ಮತ್ತೆ ಬಂದು, ಕೆನ್ನೆ ದಾಟಿ, ಬಲ ಕಿವಿಯನ್ನು ಗಟ್ಟಿಯಾಗಿ ಹಿಡಿಯಿತು. ಆಮೇಲೆ ಇಡೀ ಮಗು ಪರದೆಯ ಹಿಂದಿನಿಂದ ಜಾರಿ, ಕಣ್ಣು ಮುಚ್ಚಿಕೊಂಡೇ, ನನ್ನ ಎದೆಯ ಮೇಲೆ ಬಂದು ಬಿದ್ದಿತು.

ಬಾಗಿಲಲ್ಲಿ ಮಗಳು ನಿಂತಿದ್ದಳು, ಒದ್ದೆ ಕೈಯಲ್ಲಿ. ಕಣ್ಣಲ್ಲೇ ಹೋಗು ಎಂದೆ. ಅವಳು ಹಿಂದೆ ಹಿಂದೆ ಹೆಜ್ಜೆ ಇಟ್ಟು ಹೋದಳು. ಆಚೆ ಕೋಣೆಯ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ನನ್ನ ಹೆಂಡತಿ ಆ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಹಾಸಿಗೆ ಬಟ್ಟೆ ಬದಲಿಸಲು ಬಂದವರನ್ನೂ, ಚಹಾ ಬೇಕೇ ಎಂದು ಕೇಳಲು ಬಂದವರನ್ನೂ, ಸ್ವಂತ ಅಳಿಯನನ್ನೂ ಅಚ್ಚ ಕನ್ನಡದಲ್ಲಿ ವಾಪಸು ಕಳಿಸಿದಳು.

ನಾನು ವಿದೇಶದಲ್ಲಿ ಮನಸ್ಸಿಟ್ಟು ನೋಡಿದ್ದು ಒಂದು ಫ್ಯಾನು ಮತ್ತು ಮಂಚದ ನಾಲ್ಕು ಕಾಲು. ಕಾಲು ಜೋಮು ಹಿಡಿದು, ಭುಜ ಮರಗಟ್ಟಿ, ಕಿವಿ ಯಾರದೋ ಆಗಿತ್ತು. ಸಂಜೆಯಾದಾಗ ಮಗಳು ಬಂದಳು. ಕೆನ್ನೆಯ ಮೇಲೆ ದಿಂಬಿನ ಗೆರೆ, ಕೆದರಿದ ಕೂದಲು. ಪರದೆ ಸ್ವಲ್ಪ ಸರಿಸಿ ಹೊರಗೆ ನೋಡಿದಳು. ಕಿವಿ ಹಿಡಿತದಲ್ಲಿದ್ದುದರಿಂದ ನಾನು ಆ ಕಡೆ ತಿರುಗುವಂತಿರಲಿಲ್ಲ. "ಸೂರ್ಯ ಮುಳುಗೋದು ಹೆಂಗಿದೆ?" ಎಂದು ಪಿಸುಗುಟ್ಟಿದೆ.

"ಕೆಂಪಗಿದೆ ಅಪ್ಪಾ," ಎಂದಳು. ಆಕಳಿಸಿ, ಪರದೆ ಬಿಟ್ಟು, ಮತ್ತೆ ಹೋಗಿ ಮಲಗಿಕೊಂಡಳು.