ಮಹಡಿ ಮೇಲಿನ ಜಿರಳೆ ಸಾಕಣೆ

ಕಳೆದ ಶನಿವಾರ ಸಂಜೆ ನಮ್ಮ ಮಹಡಿ ಮನೆಯ ಬಾಡಿಗೆದಾರ ಮಂಜುನಾಥ ಕಂಕುಳಲ್ಲಿ ಮೊಟ್ಟೆ ಟ್ರೇಗಳ ಕಟ್ಟೊಂದನ್ನು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದ. ಅದೇ, ಅಂಗಡಿಗಳ ಮುಂದೆ ಪೇರಿಸಿಟ್ಟಿರುತ್ತಾರಲ್ಲ, ಬೂದು ಬಣ್ಣದ ರಟ್ಟಿನ ಟ್ರೇಗಳು.

ನಾನು ವರಾಂಡದಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಪೆನ್ನು ಅಲ್ಲೇ ನಿಂತಿತು.

ಯಾಕೆ ಅಂತ ಹಾಸನದವರಿಗೆ ಬಿಡಿಸಿ ಹೇಳಬೇಕಿಲ್ಲ. ಸಾಲಗಾಮೆ ರಸ್ತೆಯ ನಮ್ಮ ಮನೆಯ ಮಹಡಿ ಖಾಲಿಯಾದಾಗಲೆಲ್ಲ ಗೇಟಿಗೆ ಒಂದು ಬೋರ್ಡು ಬೀಳುತ್ತದೆ. ‘ಮನೆ ಬಾಡಿಗೆಗೆ ಇದೆ’ ಅಂತ ದೊಡ್ಡಕ್ಷರ, ‘ಸಸ್ಯಾಹಾರಿಗಳಿಗೆ ಮಾತ್ರ’ ಅಂತ ಅದರ ಕೆಳಗೆ ಇನ್ನೂ ದೊಡ್ಡಕ್ಷರ. ನಾವು ಲಿಂಗ ಕಟ್ಟಿದ ಮನೆಯವರು. ಜೊತೆಗೆ ಎಪ್ಪತ್ತು ದಾಟಿದ ಅಮ್ಮ ಇದ್ದಾರೆ.

ಮಂಜುನಾಥ ಅರಕಲಗೂಡು ಕಡೆಯ ಗೌಡರ ಹುಡುಗ. ಪಂಪ್‌ಸೆಟ್ ಅಂಗಡಿಯಲ್ಲಿ ಕೆಲಸ. ಹೆಂಡತಿ ಸವಿತ, ಒಂದನೇ ಕ್ಲಾಸಿಗೆ ಹೋಗುವ ಮಗಳು. ಮನೆ ಕೇಳಲು ಬಂದ ದಿನವೇ, ‘ನಾವು ತಿನ್ನೋರೇ ಸಾ. ಆದ್ರೆ ಈ ಮನೇಲಿ ಮಾಡಲ್ಲ’ ಅಂದಿದ್ದ. ತಿಂದು ಬಾಯಿ ಒರೆಸಿಕೊಂಡು ಬಂದು ‘ನಾವು ಪ್ಯೂರ್ ವೆಜ್’ ಅನ್ನುವವರನ್ನು ಬೇಕಾದಷ್ಟು ಕಂಡಿದ್ದ ನಾನು, ಆ ನೇರ ಮಾತಿಗೆ ಮೆಚ್ಚಿ ಬೀಗದ ಕೈ ಕೊಟ್ಟಿದ್ದೆ.

ಅವತ್ತಿನಿಂದ ಒಗ್ಗರಣೆ ಘಮ ಬಿಟ್ಟು ಬೇರೆ ಯಾವ ವಾಸನೆಯೂ ಮಹಡಿ ಇಳಿದಿರಲಿಲ್ಲ. ಈಗ ನೋಡಿದರೆ ಟ್ರೇ! ಒಂದಲ್ಲ, ಒಂದು ಕಟ್ಟು! ಖಾಲಿಯೇ ಇರಲಿ, ಟ್ರೇ ಬಂದ ಮನೆಗೆ ಮೊಟ್ಟೆ ಬರದೇ ಇರುತ್ತದೆಯೇ? (ಮನೆ ಬಾಡಿಗೆಗೆ ಕೊಟ್ಟವನ ಮೂಗು ತಾನಾಗಿಯೇ ಉದ್ದವಾಗುತ್ತದೆ. ಇದಕ್ಕೆ ಔಷಧಿ ಇಲ್ಲ.)

ಮೇಲೆ ಹೋಗಲು ಮಾಲೀಕನಿಗೆ ಒಂದು ನೆಪ ಬೇಕು. ‘ನೀರಿನ ಟ್ಯಾಂಕ್ ನೋಡಿ ಬರ್ತೀನಿ’ ಅಂತ ಎದ್ದೆ. ಅಡುಗೆಮನೆಯಿಂದ ಅಮ್ಮನ ದನಿ ಬಂತು. ‘ಎಂಗೂ ಮ್ಯಾಕೆ ಓಯ್ತಿದ್ದೀಯಲ್ಲ, ಈ ದ್ವಾಸೆ ಹಿಟ್ಟಿನ ಪಾತ್ರೆ ಸವಿತನ ಸಣ್ ಕ್ವಾಣೇಲಿ ಮಡಗ್ಬುಟ್ಟು ಬಾ.’

ಇದೊಂದು ಏರ್ಪಾಡು. ಧನುರ್ಮಾಸ ಶುರುವಾದರೆ ಹಾಸನದ ಚಳಿಗೆ ದೋಸೆ ಹಿಟ್ಟು ಉಬ್ಬುವುದಿಲ್ಲ. ಪಾತ್ರೆಗೆ ಶಾಲು ಹೊದಿಸಿ, ಒಲೆ ಪಕ್ಕದಲ್ಲಿಟ್ಟು ಎಷ್ಟು ಓಲೈಸಿದರೂ ಬೆಳಿಗ್ಗೆ ಅದು ಇಟ್ಟಷ್ಟೇ ಇರುತ್ತದೆ. ಈ ವರ್ಷ ಅಮ್ಮ ಹಪ್ಪಳ ಒಣಗಿಸಲು ಮೇಲೆ ಹೋದವರು ಸವಿತಳ ಮನೆಯ ಸಣ್ಣ ಕೋಣೆಗೆ ಕಾಲಿಟ್ಟು ಬೆರಗಾಗಿ ಬಂದಿದ್ದರು. ‘ಬಾಣಂತಿ ಕ್ವಾಣೆ ಇದ್ದಂಗೈತೆ ಕಣ್ಲಾ, ಅಷ್ಟು ಬೆಚ್ಗೆ!’ ಅವತ್ತಿನಿಂದ ಹಿಟ್ಟಿನ ಪಾತ್ರೆಗೆ ಮಹಡಿಯಲ್ಲೇ ವಾಸ. ಹೂವಿನಂಥ ದೋಸೆ ತಿನ್ನುತ್ತಾ, ನನ್ನ ಹೆಂಡತಿ ಪ್ರಭಾ ಹೊಸ ಅಕ್ಕಿಯನ್ನು ಹೊಗಳುತ್ತಿದ್ದಳು. ನಾನು ಅಮ್ಮನ ಕೈಗುಣವನ್ನು.

ಬಾಗಿಲು ತೆರೆದ ಸವಿತ ನನ್ನ ಕೈಯಲ್ಲಿದ್ದ ಪಾತ್ರೆ ನೋಡಿ, ‘ಕೊಡಿ ಸಾರ್, ನಾನಿಡ್ತೀನಿ’ ಅಂದಳು. ‘ಪರವಾಗಿಲ್ಲಮ್ಮ, ನಾನೇ ಇಡ್ತೀನಿ’ ಅಂತ ಒಳಗೆ ನಡೆದೆ. ಮಾಲೀಕ ಅಲ್ಲವೇ?

ನಡುಮನೆಯಲ್ಲಿ ಗಾಜಿನ ತೊಟ್ಟಿ, ಅದರಲ್ಲಿ ಮೊಳದುದ್ದದ ಅರೋವಾನ ಮೀನು. ಅದು ನನಗೆ ಗೊತ್ತಿದ್ದದ್ದೇ. ಮನೆಯಲ್ಲಿದ್ದರೆ ಅದೃಷ್ಟ ಅಂತ ಜನ ಸಾಕುತ್ತಾರಂತೆ. ಕೆಳದವಡೆ ಮುಂದೆ ಚಾಚಿಕೊಂಡು, ಯಾವಾಗಲೂ ಅಸಮಾಧಾನದ ಮುಖ. ಅದು ಏನು ತಿನ್ನುತ್ತದೆ ಅಂತ ನಾನು ಒಂದು ದಿನವೂ ಕೇಳಿರಲಿಲ್ಲ. ಮನುಷ್ಯರನ್ನು ಮಾತ್ರ ಕೇಳುವುದು ನಮ್ಮ ಪದ್ಧತಿ.

ಸಣ್ಣ ಕೋಣೆಯಲ್ಲಿ ಬೆಂಚಿನ ಮೇಲೆ ದೊಡ್ಡದೊಂದು ಪ್ಲಾಸ್ಟಿಕ್ ಪೆಟ್ಟಿಗೆ. ಅದರ ಪಕ್ಕದಲ್ಲಿ, ಅಮ್ಮನ ಪಾತ್ರೆಗೆಂದೇ ಮಡಿಸಿ ಹಾಸಿದ ಟವೆಲ್ಲು. ಮಂಜುನಾಥ ಪೆಟ್ಟಿಗೆಯ ಮುಚ್ಚಳ ತೆಗೆದು ಮೊಟ್ಟೆ ಟ್ರೇಗಳನ್ನು ಒಳಗೆ ನಿಲ್ಲಿಸುತ್ತಿದ್ದ. ನಾನು ಬಗ್ಗಿ ನೋಡಿದೆ. ಟ್ರೇಗಳ ಗುಳಿಗಳಲ್ಲೆಲ್ಲ ಕಂದು ಬಣ್ಣ ಹರಿದಾಡುತ್ತಿತ್ತು.

‘ಎದರ್ಬೇಡಿ ಸಾ. ಇವು ನುಣ್ಣನೆ ಗ್ವಾಡೆ ಅತ್ತಾಕಿಲ್ಲ.’

‘ಏನಪ್ಪಾ ಇವು?’

‘ಜಿರ್ಲೆ ಸಾ. ಆದ್ರೆ ನಮ್ಮೂರ ಜಿರ್ಲೆ ಜಾತಿ ಅಲ್ಲ.’

(ಬಾಡಿಗೆ ಮನೆಯಲ್ಲಿ ನಿಂತು ಜಾತಿಯ ಮಾತನ್ನು ಇಷ್ಟು ನೇರವಾಗಿ ಕೇಳಿದ್ದು ನಾನು ಅದೇ ಮೊದಲು.)

ಸಿಕ್ಕಿಬಿದ್ದ ಮೇಲೆ ಮಂಜುನಾಥ ಮುಚ್ಚಿಡಲಿಲ್ಲ. ಮೀನಿಗೆ ಇವೇ ಆಹಾರ. ಮೋರಿ ಜಿರಳೆ ಹಿಡಿದು ಹಾಕುವಂತಿಲ್ಲ. ಯಾರ ಮನೆಯ ಸ್ಪ್ರೇ ಕುಡಿದು ಬಂದಿರುತ್ತವೋ, ತಿಂದ ಮೀನೂ ಸಾಯುತ್ತದೆ. ಅದಕ್ಕೇ ಮನೆಯಲ್ಲಿ ಸಾಕಣೆ. ಟ್ರೇ ನೆಟ್ಟಗೆ ನಿಲ್ಲಿಸಿದರೆ ಕಸ ಕೆಳಗೆ ಉದುರುತ್ತದೆ, ಅವಕ್ಕೆ ಕತ್ತಲೆ ಸಿಗುತ್ತದೆ. ಪೆಟ್ಟಿಗೆಯ ಒಂದು ಬದಿಯ ಅಡಿಗೆ ಬಿಸಿಯಾಗುವ ಮ್ಯಾಟು, ಶಾಖ ಹೆಚ್ಚು ಕಡಿಮೆ ಆಗದ ಹಾಗೆ ಕೋಳಿಮರಿ ಮಾಡಿಸುವ ಪೆಟ್ಟಿಗೆಗೆ ಹಾಕುವಂಥದ್ದೇ ಥರ್ಮೋಸ್ಟಾಟು. ಇನ್ನೊಂದು ಬದಿ ತಣ್ಣಗೆ. ಯಾವುದಕ್ಕೆ ಎಲ್ಲಿ ಹಿತವೋ ಅಲ್ಲಿರುತ್ತದೆ. ಚಳಿ ತಗುಲಿದರೆ ಮರಿ ಮಾಡುವುದನ್ನೇ ನಿಲ್ಲಿಸುತ್ತವೆ.

‘ಮೊಟ್ಟೆ ಎಷ್ಟಿಡ್ತವೆ?’ ಅಂತ ಕೇಳಿದೆ. ನನ್ನ ತಲೆಯಲ್ಲಿ ಇನ್ನೂ ಮೊಟ್ಟೆಯೇ.

‘ಇವು ಮೊಟ್ಟೆ ಇಡಾಕಿಲ್ಲ ಸಾ. ಸೀದಾ ಮರಿನೇ ಆಕೋದು.’

ಅಲ್ಲಿಗೆ ನನ್ನ ತನಿಖೆ ಮುಗಿಯಿತು. ಮೊಟ್ಟೆ ಹಿಡಿಯಲು ಹೋದವನಿಗೆ ಟ್ರೇಯಲ್ಲೂ ಮೊಟ್ಟೆ ಇಲ್ಲ, ಅದರಲ್ಲಿ ವಾಸ ಮಾಡುವ ಪ್ರಾಣಿಯಲ್ಲೂ ಮೊಟ್ಟೆ ಇಲ್ಲ. ಪೆಟ್ಟಿಗೆಯ ಮೂಲೆಯಲ್ಲಿ ಗೋಧಿ ಬೂಸಾ, ಕ್ಯಾರೆಟ್ ಹೋಳು, ಕಿತ್ತಳೆ ಸಿಪ್ಪೆ ಬಿದ್ದಿದ್ದವು. ನಮ್ಮ ಬೋರ್ಡಿನ ಷರತ್ತನ್ನು ಅಕ್ಷರಶಃ ಪಾಲಿಸುತ್ತಿದ್ದವರು ಆ ಪೆಟ್ಟಿಗೆಯ ನಿವಾಸಿಗಳು.

‘ಬಾಡು ಮಾಡಲ್ಲ ಅಂತ ನಾವು ಒಪ್ಕಂಡಿದ್ದೋ ಸಾ. ಮೀನಿನ ಮಾತು ಬಂದಿರ್ನಿಲ್ಲ’ ಅಂದ ಮಂಜುನಾಥ, ತಲೆ ತಗ್ಗಿಸಿ.

ವಕೀಲರಿಗೆ ಬಿಡಬೇಕಾದ ಮಾತು. ಆದರೆ ನನ್ನ ಕೈಯಲ್ಲಿ ಇನ್ನೂ ಹಿಟ್ಟಿನ ಪಾತ್ರೆ ಇತ್ತು. ತಿಂಗಳಿಡೀ ತಿಂದ ದೋಸೆಗಳೆಲ್ಲ ಒಂದೊಂದಾಗಿ ನೆನಪಾದವು. ‘ಅಮ್ಮ ಇಲ್ಲಿ ಪಾತ್ರೆ ಇಡುವಾಗ ನೀನು ಒಂದು ಮಾತು ಹೇಳಬಾರದಿತ್ತೇನಮ್ಮ?’ ಅಂತ ಸವಿತಳನ್ನು ಕೇಳಿದೆ. ದನಿ ಸ್ವಲ್ಪ ಏರಿತ್ತು.

‘ಅಜ್ಜಿ ಖುಷಿಯಿಂದ ತಂದ್ರು ಸಾರ್. ಬೇಡ ಅಂದ್ರೆ ಯಾಕೆ ಅಂತಿದ್ರು. ಹೇಳಿದ್ರೆ ನೀವು ಮನೆ ಬಿಡಿ ಅಂತಿದ್ರಿ.’ ಅವಳ ಕಣ್ಣು ತುಂಬಿತು. ‘ಹಿಂದಿನ ಮನೇಲಿ ನಮ್ಮತ್ತೆ ಒಂದಿನ ಒಣಮೀನು ತಂದಿದ್ರು ಅಂತ ಖಾಲಿ ಮಾಡ್ಸಿದ್ರು. ಈಗ ಮಗಳ ಸ್ಕೂಲು ಇಲ್ಲೇ ಪಕ್ಕದಲ್ಲಿ. ವರ್ಷದ ಮಧ್ಯೆ ಎಲ್ಲಿಗೆ ಹೋಗೋದು? ನಾನು ಪ್ರತಿ ಸಲ ಪಾತ್ರೆಗೆ ತಟ್ಟೆ ಮುಚ್ಚಿ, ಮೇಲೆ ಕುಟ್ಟಾಣಿ ಹೇರ್ತಿದ್ದೆ. ಒಂದೂ ಹತ್ರ ಸುಳಿದಿಲ್ಲ. ನಮಗೆ ತಿನ್ನಬೇಕು ಅನ್ಸಿದ್ರೆ ಭಾನುವಾರ ಚನ್ನರಾಯಪಟ್ಟಣಕ್ಕೆ, ಅಮ್ಮನ ಮನೆಗೆ ಹೋಗಿ ತಿಂದು ಬರ್ತೀವಿ. ಇಲ್ಲಿ ಒಂದು ದಿನಾನೂ ಮಾಡಿಲ್ಲ.’

ಪ್ರತಿ ಭಾನುವಾರ ಆ ಮೂವರು ಬಸ್ಸು ಹತ್ತುವುದನ್ನು ನಾನು ಕಂಡಿದ್ದೆ. ಈ ಕಾಲದಲ್ಲೂ ಅತ್ತೆ ಮನೆ ಮೇಲೆ ಇಷ್ಟು ಪ್ರೀತಿಯೇ ಅಂತ ಪ್ರಭಾಗೆ ಹೇಳಿ, ಅವಳಿಂದ ಒಂದು ತೀಕ್ಷ್ಣ ನೋಟವನ್ನೂ ಪಡೆದಿದ್ದೆ.

ಪಾತ್ರೆ ಸಮೇತ ಕೆಳಗಿಳಿದೆ. ವಿಷಯ ಕೇಳಿದ ಪ್ರಭಾ ನಿಂತ ನಿಲುವಿನಲ್ಲೇ, ‘ತಿಂಗಳ ಕೊನೆಗೆ ಖಾಲಿ ಮಾಡಿಸಿ’ ಅಂದಳು. ನನ್ನ ತೀರ್ಮಾನವೂ ಅದೇ ಆಗಿತ್ತು. ಕಾರಣ ಹೇಳಿ ಮುಖ ಕೆಡಿಸಿಕೊಳ್ಳಬೇಕಿಲ್ಲ. ‘ನಮ್ಮ ನೆಂಟರೊಬ್ಬರು ಬರ್ತಿದ್ದಾರೆ’ ಅಂದರೆ ಸಾಕು. ನಮ್ಮೂರಿನಲ್ಲಿ ಹೀಗೆ ಬರಲಿರುವ ನೆಂಟರಿಗಾಗಿ ಎಷ್ಟು ಮನೆಗಳು ಖಾಲಿಯಾಗಿಲ್ಲ? ಒಬ್ಬ ನೆಂಟನಾದರೂ ಬಂದು ಬಾಗಿಲು ತಟ್ಟಿದ್ದುಂಟೇ?

ಅಮ್ಮನಿಗೆ ಹೇಳುವುದೇ ಕಷ್ಟವಾಗಿತ್ತು. ರಂಪ ಆಗುತ್ತದೆ, ತಲೆಗೆ ನೀರು ಹಾಕಿಕೊಳ್ಳುತ್ತಾರೆ, ಊಟ ಬಿಡುತ್ತಾರೆ ಅಂತೆಲ್ಲ ಲೆಕ್ಕ ಹಾಕಿ, ನೀರಿನ ಲೋಟ ಕೈಗೆ ಕೊಟ್ಟೇ ಹೇಳಿದೆ.

‘ಹಿಟ್ಟಿಗೆ ಬಿದ್ದಿದ್ವಾ?’ ಅಂದರು.

‘ಇಲ್ಲವಂತೆ. ಮುಚ್ಚಿದ ಪೆಟ್ಟಿಗೆ.’

‘ತಿಂದಿದ್ದು ತಿಂದಾಯ್ತು, ಅರಗಿದ್ದು ಅರಗಾಯ್ತು. ಇನ್ನೇನ್ ಮಾಡಾನ?’ ಅಂದವರೇ ಎದ್ದು ಹಿಟ್ಟನ್ನು ಬೇರೆ ಪಾತ್ರೆಗೆ ಸುರಿದು, ಹಳೆಯದನ್ನು ಹುಣಸೆಹಣ್ಣು ಹಾಕಿ ತಿಕ್ಕಿದರು. ಒಮ್ಮೆ ತಿಕ್ಕಿ, ನೋಡಿ, ಮತ್ತೆ ತಿಕ್ಕಿದರು. ಆಮೇಲೆ ಆ ಮಾತು ಎತ್ತಲಿಲ್ಲ. ಸುಮ್ಮನಿರುವ ಅಮ್ಮ, ಕೂಗಾಡುವ ಅಮ್ಮನಿಗಿಂತ ಅಪಾಯ ಅಂತ ನನಗೆ ಚಿಕ್ಕಂದಿನಿಂದ ಗೊತ್ತು.

ಭಾನುವಾರ ಬೆಳಿಗ್ಗೆ ತಟ್ಟೆಗೆ ಬಿದ್ದ ದೋಸೆ ದಪ್ಪಗೆ, ಜಡವಾಗಿ ಇತ್ತು. ಪ್ರಭಾ ಚಟ್ನಿಯ ಬಟ್ಟಲನ್ನು ನನ್ನ ಕಡೆ ತಳ್ಳಿದಳು. ಅಷ್ಟರಲ್ಲಿ ಮಹಡಿಯವರು ಇಳಿದು ಬಂದರು. ಸವಿತ ನಮ್ಮ ಕಡೆ ತಲೆ ಎತ್ತಿ ನೋಡಲಿಲ್ಲ. ಮಂಜುನಾಥ ‘ಬತ್ತೀವಿ ಸಾ’ ಅಂದು, ನಿದ್ದೆಗಣ್ಣಿನ ಮಗಳನ್ನು ಹೆಗಲಿಗೆ ಹಾಕಿಕೊಂಡು ಚಳಿಯಲ್ಲಿ ಬಸ್‌ಸ್ಟ್ಯಾಂಡಿನ ಕಡೆ ನಡೆದ.

ವರಾಂಡದಲ್ಲಿದ್ದ ಅಮ್ಮ ಅವರು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದರು. ‘ವಾರ್ವಾರ ಎಲ್ಗೋಯ್ತಾರ್ಲಾ ಇವ್ರು?’ ಅಂದರು. ಸವಿತ ಹೇಳಿದ್ದನ್ನೇ ಹೇಳಿದೆ.

‘ಸಂಜೆ ಬರಲಿ, ನಾನೇ ಮಾತಾಡ್ತೀನಿ’ ಅಂತಲೂ ಸೇರಿಸಿದೆ.

‘ಏನಂತ?’

‘ಮನೆ ಖಾಲಿ ಮಾಡಿ ಅಂತ.’

ಅಮ್ಮ ನನ್ನ ಕಡೆ ತಿರುಗಿದರು. ‘ಆ ಮೀನು ಉಣ್ಣಾಕೆ ಯಾವೂರ ಬಸ್ಸೂ ಅತ್ತಾಕಿಲ್ಲ. ಆ ಕೂಸು ಯಾಕ್ಲಾ ಅತ್ಬೇಕು?’