ಮಾವನವರ ಕೆಮ್ಮು

ನಮ್ಮ ಮಾವನವರು ಮನೆಯೊಳಗೆ ಬರುವ ಮುಂಚೆ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದರು. ಗಂಟಲಲ್ಲಿ ಏನೂ ಇರುತ್ತಿರಲಿಲ್ಲ. ಸೊಸೆಯಂದಿರು ಎದ್ದು, ಸೆರಗು ಹೊದ್ದು, ಗೋಡೆಗೆ ಸರಿಯಲಿ ಅಂತ ಆ ಕೆಮ್ಮು. ಹೊಳೆನರಸೀಪುರದ ಆ ಮನೆಗೆ ಚಿಕ್ಕ ವಯಸ್ಸಿಗೇ ಸೊಸೆಯಾಗಿ ಬಂದವಳು ನಾನು. ಒಲೆಯ ಮೇಲೆ ಹಾಲು ಉಕ್ಕುತ್ತಿರಲಿ, ಮಗು ಮೊಲೆ ಕುಡಿಯುತ್ತಿರಲಿ, ಕೆಮ್ಮು ಕೇಳಿದರೆ ಏಳಬೇಕು. ಏಳುತ್ತಿದ್ದೆ, ಮನಸ್ಸಿನಲ್ಲಿ ಬೈದುಕೊಂಡೇ.

ನನ್ನ ಎಡಗಣ್ಣು ಬಾಲ್ಯದಲ್ಲೇ ಸಿಡುಬಿಗೆ ಹೋಗಿತ್ತು. ಅರವತ್ತರ ದಶಕದಲ್ಲಿ, ಉಳಿದಿದ್ದ ಬಲಗಣ್ಣಿಗೂ ಪೊರೆ ಬಂತು. ಹಾಸನದ ಆಸ್ಪತ್ರೆಯಲ್ಲಿ ತೆಗೆದರು. ಎರಡೂ ಕಣ್ಣಿಗೆ ಪಟ್ಟಿ, ತಲೆಯ ಅಕ್ಕಪಕ್ಕ ಮರಳಿನ ಚೀಲ. ಹೊರಳುವ ಹಾಗಿಲ್ಲ, ಸೀನುವ ಹಾಗಿಲ್ಲ. ಅರಕಲಗೂಡಿನಿಂದ ಬಂದಿದ್ದ ಅವ್ವ ಚಮಚದಲ್ಲಿ ಗಂಜಿ ಹಾಕುತ್ತಿದ್ದಳು.

ಒಂದು ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ಆ ಕೆಮ್ಮು ಕೇಳಿಸಿತು. ನೋಡಿಕೊಂಡು ಹೋಗಲು ಮಾವನವರು ಬಂದಿದ್ದರು. ಏನಾಗುತ್ತಿದೆ ಎಂದು ತಿಳಿಯುವ ಮುಂಚೆಯೇ ನಾನು ಎದ್ದು ನಿಂತು ಸೆರಗು ಎಳೆದುಕೊಂಡಿದ್ದೆ. ಕಣ್ಣೊಳಗೆ ಏನೋ ಚುರುಕ್ಕೆಂದಿತು.

"ಅಯ್ಯೋ, ಮಲಿಕ್ಕಳೇ!" ಎಂದು ಅವ್ವ ಕಿರುಚಿದಳು.

ಡಾಕ್ಟರು ಪಟ್ಟಿ ಬಿಚ್ಚಿ ನೋಡಿದರು. "ಹೊಲಿಗೆ ಬಿಟ್ಟು ಒಳಗಿನ ಕಪ್ಪು ಪರದೆ ಹೊರಗೆ ಬಂದಿದೆ. ಏಳು ಅಂತ ಯಾರಮ್ಮ ಹೇಳಿದ್ದು?"

ಯಾರೂ ಹೇಳಿರಲಿಲ್ಲ. ಹೊರಬಂದ ಪರದೆಯ ಚೂರನ್ನು ಕತ್ತರಿಸಿ, ಮಿಕ್ಕಿದ್ದನ್ನು ಒಳಗೆ ಸರಿಸಿ, ಮತ್ತೆ ಹೊಲಿದರು. ದೃಷ್ಟಿ ಬರುತ್ತದೋ ಇಲ್ಲವೋ ಪಟ್ಟಿ ಬಿಚ್ಚಿದ ಮೇಲೆಯೇ ಗೊತ್ತಾಗುವುದು ಎಂದರು. ಈ ಸಲ ನನ್ನ ಕೈಗಳನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟಿದರು.

ಕಟ್ಟಿಹಾಕಿದ ದನದ ಹಾಗೆ ಬಿದ್ದಿದ್ದೆ. ಕುರುಡಿಯಾದರೂ ಆ ಕೆಮ್ಮಿಗೆ ಎದ್ದು, ಗೋಡೆ ಎಲ್ಲಿದೆಯೆಂದು ತಡಕಾಡಬೇಕಲ್ಲ ಎಂದು ಭಯವಾಗುತ್ತಿತ್ತು. ಅಳುವುದಕ್ಕೂ ಅಪ್ಪಣೆಯಿರಲಿಲ್ಲ. ಕಿವಿ ಮಾತ್ರ ಬಾಗಿಲಲ್ಲೇ ಇತ್ತು. ಕೆಮ್ಮು ಮತ್ತೆ ಕೇಳಿಸಲಿಲ್ಲ. ಇಷ್ಟು ಮಾಡಿಟ್ಟು ಈ ಕಡೆ ತಲೆಯೂ ಹಾಕಲಿಲ್ಲವಲ್ಲ ಎಂದು ಮೈಯೆಲ್ಲಾ ಉರಿಯಿತು.

ಕೊನೆಗೆ ಕೈಕಟ್ಟು ಬಿಚ್ಚಿ, ಕೂರಿಸಿ, ಪಟ್ಟಿ ತೆಗೆದು, ಡಾಕ್ಟರು ಕಣ್ಣಿನ ಮುಂದೆ ದಪ್ಪ ಗಾಜು ಹಿಡಿದರು. ಬೆಳಕು ಕಣ್ಣು ಕುಕ್ಕಿತು. ಪಾಪೆ ಇನ್ನು ದುಂಡಗಿರುವುದಿಲ್ಲ, ಬಿಸಿಲು ತಡೆಯುವುದು ಕಷ್ಟ ಎಂದರು. ಆಮೇಲೆ ನಿಧಾನವಾಗಿ ಬಾಗಿಲು ಕಂಡಿತು. ಅಲ್ಲಿ ಮಾವನವರು ಜೋಡುಗಳನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಿಂತಿದ್ದರು.

"ದಿನಾ ಇಂಗೇ ಬಂದು, ಸದ್ದಿಲ್ದಂಗೆ ನಿಂತಿದ್ದು ಓಯ್ತಿದ್ರು ಕಣೆ," ಎಂದು ಅವ್ವ ಪಿಸುಗುಟ್ಟಿದಳು.

"ಏಳ್ಬ್ಯಾಡ ಕಣವ್ವಾ," ಎಂದರು ಮಾವನವರು.

ಅಷ್ಟರಲ್ಲಿ ನಾನು ಎದ್ದು ನಿಂತಾಗಿತ್ತು.