ಕೊಲ್ಲಾಪುರಕ್ಕನ ಗಾಡಿ ವಿಮಾನ ಹತ್ತಿದ್ದು

ನಡೆಯಲಾಗದೆ ಬ್ಯಾಟರಿ ಗಾಲಿಕುರ್ಚಿಯಲ್ಲಿ ಓಡಾಡುವವರು ವಿಮಾನ ಹತ್ತುವಾಗ ಗಾಡಿ ಸಮೇತ ಒಳಗೆ ಹೋಗಿ, ಕಿಟಕಿ ಪಕ್ಕ ನಿಲ್ಲಿಸಿ, ಬ್ರೇಕ್ ಹಾಕಿಕೊಂಡು ಕೂರುತ್ತಾರೆ ಅಂತ ನಾನು ಇಪ್ಪತ್ತಾರು ವರ್ಷ ತುಂಬುವವರೆಗೂ ನಂಬಿದ್ದೆ. ಸುಮ್ಮನೆ ನಂಬಿದ್ದರೆ ಪರವಾಗಿರಲಿಲ್ಲ, ನಾಲ್ಕು ಜನಕ್ಕೆ ವಿವರಿಸಿಯೂ ಇದ್ದೆ. ಮೊದಲೇ ಹೇಳಿಟ್ಟರೆ ಎರಡು ಸೀಟು ಬಿಚ್ಚಿ ಜಾಗ ಮಾಡಿಕೊಡ್ತಾರೆ ಅಂದಿದ್ದೆ. ಯಾರೂ ಎದುರಾಡಲಿಲ್ಲ. ಅಲ್ಲಿದ್ದವರಲ್ಲಿ ಯಾರೂ ವಿಮಾನ ಹತ್ತಿರಲಿಲ್ಲ, ಹೇಳುತ್ತಿದ್ದವನೂ ಸೇರಿ.

ಇದು ನಡೆದದ್ದು ಕೊಡಿಗೇನಹಳ್ಳಿಯ ಗೊಬ್ಬರದ ಅಂಗಡಿಯಲ್ಲಿ. ಅಲ್ಲಿ ನಾನು ಸಂಬಳಕ್ಕಿದ್ದೇನೆ. ಹೆಸರು ರಂಗೇಶ್. ಡಿಗ್ರಿ ಆಗಿದೆ ಅನ್ನುವುದನ್ನು ನಾನೇ ಹೇಳಿಕೊಳ್ಳಬೇಕು, ಕೆಲಸ ನೋಡಿದವರಿಗೆ ಗೊತ್ತಾಗುವುದಿಲ್ಲ. ರೈತರು ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಬ್ಯಾಟರಿ ಪಂಪುಗಳು ಕೆಟ್ಟು ಬಂದರೆ ಅವನ್ನು ಎದುರು ಸಾಲಿನ ಕೊಲ್ಲಾಪುರಕ್ಕನ ಅಂಗಡಿಗೆ ಹೊತ್ತುಹಾಕುವುದು ನನ್ನ ಪಾಲಿನ ಕೆಲಸ. ಅಕ್ಕ ಪಂಪನ್ನು ಬಿಚ್ಚುವ ಮೊದಲು ಸ್ವಿಚ್ ಒತ್ತಿ ಕಿವಿಗೆ ಹಿಡಿಯುತ್ತಾಳೆ. ‘ಮೋಟ್ರು ಅಲ್ಲ, ವಾಷರ್ರು’ ಅನ್ನುತ್ತಾಳೆ. ಬಿಚ್ಚಿದರೆ ವಾಷರ್ರೇ. ನಾನೂ ಒಂದೆರಡು ಸಲ ಕಿವಿಗೆ ಹಿಡಿದು ನೋಡಿದ್ದೇನೆ. ನನಗೆ ಗುಂಯ್ ಅಂದದ್ದಷ್ಟೇ ಕೇಳಿಸಿತು.

ಅಕ್ಕನಿಗೆ ಈಗ ಐವತ್ತೆರಡು. ಮೂರನೇ ವರ್ಷಕ್ಕೆ ಪೋಲಿಯೋ ಬಂದು ಎರಡೂ ಕಾಲು ಹೋದವು. ಅಪ್ಪ ಗಂಗಹನುಮಯ್ಯ ಒಂದು ಹಲಗೆಗೆ ನಾಲ್ಕು ಬೇರಿಂಗ್ ಹೊಡೆದು ಕೊಟ್ಟಿದ್ದರಂತೆ. ಅದರ ಮೇಲೆ ಕೂತು, ಎರಡು ಅಂಗೈಯಲ್ಲಿ ನೆಲ ತಳ್ಳಿಕೊಂಡು ಅಕ್ಕ ಇಡೀ ಕೊಡಿಗೇನಹಳ್ಳಿ ಸುತ್ತಿದ್ದಾಳೆ. ಹದಿನಾರನೇ ವಯಸ್ಸಿಗೆ ಅದೇ ಹಲಗೆ ಮೇಲೆ ನಾಗಲಿಂಗಯ್ಯ ಅನ್ನುವವರ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿಗೆ ಹೋಗಿ ಕೆಲಸ ಕೇಳಿದಳಂತೆ. ಅವರು ಕಾಲು ನೋಡಿದರು. ‘ಕೈ ಎರಡೂ ನೆಟ್ಟಗವೆ, ನೋಡ್ಕಳಿ’ ಅಂದಳಂತೆ ಅಕ್ಕ. ಆ ಅಂಗಡಿಯೇ ಈಗ ಅವಳ ಅಂಗಡಿ.

ಹಲಗೆ ಮೇಲಿನಿಂದ ಊರು ಹೆಂಗೆ ಕಾಣ್ತದೆ ಅಂತ ಒಮ್ಮೆ ಹೇಳಿದ್ದಳು: ಬರೀ ಮೊಣಕಾಲು ಕಾಣ್ತವೆ, ಮುಖ ನೋಡಬೇಕಾದ್ರೆ ಕುತ್ತಿಗೆ ನೋಯ್ತದೆ. ನಾಲ್ಕು ವರ್ಷದ ಹಿಂದೆ ತಾನೇ ದುಡಿದು ಬ್ಯಾಟರಿ ಗಾಡಿ ತಗೊಂಡ ದಿನ ಆ ಹಲಗೆಯನ್ನು ಅಟ್ಟಕ್ಕೆ ಹಾಕಿಸಿದಳು. ಇನ್ನು ಜನರ ಮುಂದೆ ನೆಲಕ್ಕೆ ಇಳಿಯಲ್ಲ ಅಂದಳು. ಇಳಿಯಲೂ ಇಲ್ಲ. ಕೈಯಿಂದ ಸ್ಪ್ಯಾನರ್ ಜಾರಿ ಬಿದ್ದರೆ ನಾನೇ ಓಡಿಹೋಗಿ ಎತ್ತಿಕೊಡಬೇಕು.

ಹೋದ ವರ್ಷ ನಾಗಪುರದ ಒಂದು ಮಹಿಳಾ ಸಂಘದಿಂದ ಫೋನ್ ಬಂತು. ಮಾತಾಡಿದವರಿಗೆ ಕನ್ನಡ ಬರುತ್ತಿತ್ತು. ಪಂಪು ರಿಪೇರಿ ಮಾಡುವ ಅಕ್ಕನ ವಿಡಿಯೋ ಯಾರೋ ಹಾಕಿದ್ದನ್ನು ನೋಡಿದ್ದರಂತೆ. ತಮ್ಮ ಇಪ್ಪತ್ತು ಹೆಂಗಸರಿಗೆ ಎರಡು ದಿನ ಕಲಿಸಿಕೊಡಬೇಕು, ವಿಮಾನದ ಟಿಕೆಟ್ ಕಳಿಸುತ್ತೇವೆ, ಗಾಡಿಯ ಚಿಂತೆ ಬೇಡ, ಇಲ್ಲಿ ಎತ್ತಿ ಕೂರಿಸಲು ಜನ ಇದ್ದಾರೆ ಅಂದರು. ಅಕ್ಕ ಕೈಲಿದ್ದ ಸ್ಪ್ಯಾನರ್ ಬೆಂಚಿನ ಮೇಲಿಟ್ಟಳು. ಆಮೇಲೆ ಅಂದಳು:

“ಪಾಠ ಹೇಳೋಳ್ನ ಮೂಟೆ ಹೊತ್ತಂಗೆ ಹೊತ್ಕಂಡೋದ್ರೆ ಪಾಠ ಯಾರ್ ಕೇಳ್ತಾರೆ? ನನ್ ಗಾಡಿ ಬಂದ್ರೆ ನಾನು ಬತ್ತೀನಿ. ಇಲ್ದಿದ್ರೆ ಬುಡಿ.”

ಅವರು ಒಪ್ಪಿದರು. ಜೊತೆಗೊಬ್ಬರು ಬೇಕು ಅಂದಾಗ ಅಕ್ಕ ನಮ್ಮ ಅಂಗಡಿ ಕಡೆ ನೋಡಿ, ಕಳೆದುಹೋದರೂ ನಷ್ಟ ಇಲ್ಲದ ಆಳು ಯಾರು ಅಂತ ಯೋಚಿಸಿರಬೇಕು. ನನ್ನ ಹೆಸರು ಹೇಳಿದಳು.

ವಿಮಾನದವರ ನಿಯಮ ಓದಿದ ಮೇಲೆ ನನ್ನ ಕಿಟಕಿ ಪಕ್ಕದ ಪಾರ್ಕಿಂಗ್ ಕಲ್ಪನೆ ಸತ್ತಿತು. ಗಾಡಿ ಲಗೇಜಿನ ಜೊತೆ ವಿಮಾನದ ಹೊಟ್ಟೆಗೆ ಹೋಗುತ್ತದೆ. ಅದರ ಲಿಥಿಯಂ ಬ್ಯಾಟರಿಯನ್ನು ಮಾತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಮ್ಮ ಜೊತೆ ಮೇಲೆ ಕೂರಬೇಕು. ಅದು ಮುನ್ನೂರು ವಾಟ್-ಅವರ್ ಮೀರಿರಬಾರದು, ಎಷ್ಟು ಅನ್ನುವುದು ಬ್ಯಾಟರಿ ಮೇಲೆ ಬರೆದಿರಬೇಕು. ಅಕ್ಕನದು ಇನ್ನೂರ ನಲವತ್ತು ಅಂತ ಅವಳೇ ಹೇಳಿದಳು. ಫಾರಂ ತುಂಬಿ ಕಳಿಸಿದೆ. ಇಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು.

ಹೊರಡುವ ಹಿಂದಿನ ದಿನ ಬ್ಯಾಟರಿಯನ್ನು ಬಿಚ್ಚಿ ನೋಡಿದರೆ ಅದು ಬ್ಯಾಟರಿ ಥರ ಇರಲಿಲ್ಲ, ಕಟ್ಟೆ ಮೇಲಿನ ನಾಗರಕಲ್ಲಿನ ಥರ ಇತ್ತು. ಆಯುಧಪೂಜೆ ದಿನ ಎಲ್ಲರೂ ಗಾಡಿಯ ಮುಂಭಾಗಕ್ಕೆ ಅರಿಶಿನ ಕುಂಕುಮ ಇಡುತ್ತಾರೆ. ಅಕ್ಕ ಹಾಗಲ್ಲ. ಜೀವ ಇರೋದು ಬ್ಯಾಟರೀಲಿ, ಪೂಜೆ ಅದಕ್ಕೇ ಸಲ್ಲಬೇಕು ಅಂತ ಸೀಟು ಎತ್ತಿಸಿ, ಅದರ ನೆತ್ತಿಗೇ ವಿಭೂತಿ, ಗಂಧ, ಕುಂಕುಮ ಬಳಿದಿದ್ದಳು. ಮೂರು ವರ್ಷದ ಪೂಜೆ ಎಣ್ಣೆ ಧೂಳಿನ ಜೊತೆ ಸೇರಿ ಗಟ್ಟಿಯಾಗಿತ್ತು. ಏರ್‌ಪೋರ್ಟಿನಲ್ಲಿ ಇದನ್ನು ನೋಡಿದವರು ಏನಂದುಕೊಂಡಾರು ಅಂತ ಡಿಗ್ರಿ ಆದವನಿಗೆ ಅನ್ನಿಸಿತು. ಕೊಬ್ಬರಿ ಎಣ್ಣೆ ಸವರಿ ನೆನೆಸಿದೆ. ಪಾತ್ರೆ ತಿಕ್ಕುವ ನಾರಿನಲ್ಲಿ ಕೂತು ಉಜ್ಜಿದೆ. ಫಳಫಳ ಹೊಳೆಯಿತು. ಅಕ್ಕನಿಗೆ ತೋರಿಸದೆ ವಾಪಸ್ ಕೂರಿಸಿದೆ, ಏರ್‌ಪೋರ್ಟಿನಲ್ಲಿ ನೋಡಿ ಖುಷಿಪಡಲಿ ಅಂತ.

ಗೌರಿಬಿದನೂರು, ದೊಡ್ಡಬಳ್ಳಾಪುರ ದಾಟಿ ದೇವನಹಳ್ಳಿ ಏರ್‌ಪೋರ್ಟ್ ಸೇರಿದಾಗ ಬೆಳಗ್ಗೆ ಹತ್ತೂವರೆ. ವಿಮಾನ ಮಧ್ಯಾಹ್ನಕ್ಕೆ. ಕೌಂಟರಿನಲ್ಲಿದ್ದ ಹುಡುಗಿಯ ಎದೆಯ ಮೇಲೆ ಮಂಜುಶ್ರೀ ಅಂತ ಹೆಸರಿತ್ತು. ನಾನು ಬ್ಯಾಟರಿ ತೆಗೆದು ಅವಳ ಮುಂದಿಟ್ಟೆ. ಅವಳು ತಿರುಗಿಸಿ ಮುರುಗಿಸಿ ನೋಡಿ, ರೇಟಿಂಗ್ ಬರೆದ ಲೇಬಲ್ ಎಲ್ಲಿ ಸರ್ ಅಂದಳು. ಲೇಬಲ್ ಇದ್ದದ್ದು ವಿಭೂತಿಯ ಕೆಳಗೆ. ವಿಭೂತಿಯ ಜೊತೆ ಅದನ್ನೂ ನಾನು ಉಜ್ಜಿ ಚರಂಡಿಗೆ ಬಿಟ್ಟಿದ್ದೆ.

ಅಕ್ಕ ಬ್ಯಾಟರಿ ನೋಡಿದಳು. ನನ್ನ ಮುಖ ನೋಡಿದಳು. ಲೇಬಲ್ ಇದ್ದ ಜಾಗದ ಮೇಲೆ ಹೆಬ್ಬೆರಳು ಆಡಿಸಿದಳು.

ಮಂಜುಶ್ರೀ ಒಳ್ಳೆಯ ಹುಡುಗಿ. ತನ್ನ ಮೇಲಿನವರನ್ನು ಕರೆಸಿದಳು. ಆ ಸಾಹೇಬರೂ ಒಳ್ಳೆಯವರೇ, ಆದರೆ ಬರೆದಿಲ್ಲದ ಬ್ಯಾಟರಿಯನ್ನು ವಿಮಾನಕ್ಕೆ ಹತ್ತಿಸುವ ಹಾಗಿಲ್ಲ. ಗಾಡಿ ಇಲ್ಲೇ ಇರಲಿ, ನೀವು ಹೋಗಿಬನ್ನಿ, ಅಲ್ಲಿ ಗಾಲಿಕುರ್ಚಿ ಸಿಗುತ್ತದೆ, ತಳ್ಳಲು ಜನ ಇರುತ್ತಾರೆ ಅಂದರು. ನಾನು ಅಕ್ಕನ ಮುಖ ನೋಡಲಾರದೆ ಮೇಲೆ ಓಡುತ್ತಿದ್ದ ವಿಮಾನಗಳ ಪಟ್ಟಿ ಓದುತ್ತಾ ನಿಂತೆ. ಕೌಂಟರ್ ಮುಚ್ಚಲು ಮೂವತ್ತೈದು ನಿಮಿಷ ಇತ್ತು.

ಅಕ್ಕ ಕೇಳಿದಳು: ಬ್ಯಾಟರಿ ಎಷ್ಟಿನದು ಅಂತ ಕಂಪನಿಯವರೇ ಬರೆದದ್ದು ತೋರಿಸಿದರೆ ಆಯ್ತಾ? ಸಾಹೇಬರು ಆಯ್ತು ಅಂದರು, ಆದರೆ ಇದು ಅದೇ ಬ್ಯಾಟರಿ ಅನ್ನುವುದೂ ಗೊತ್ತಾಗಬೇಕು.

“ಗಾಡಿ ಅಡೀಲಿ, ಬ್ಯಾಟ್ರಿ ಕೂರೋ ತೊಟ್ಲಿನ ಕೆಳಗೆ ಕಂಪ್ನಿ ತಗಡು ಐತೆ. ಬ್ಯಾಟ್ರಿ ನಂಬ್ರುನೂ ಅದ್ರಲ್ಲೇ ಐತೆ. ಬಿಚ್ಬೇಕು.”

ಟೆಕ್ನಿಷಿಯನ್ ಕರೆಸೋಣ ಅಂದರು ಅವರು. ಎಷ್ಟು ಹೊತ್ತು ಅಂದಳು ಅಕ್ಕ. ಒಂದು ಗಂಟೆ ಅಂದರು. ನಾನು ಬಿಚ್ತೀನಿ ಅಂತ ಅಕ್ಕನ ಸಾಮಾನಿನ ಚೀಲದ ಸ್ಪ್ಯಾನರ್‌ಗೆ ಕೈ ಹಾಕಿದೆ. “ನೀನು ಉಜ್ಜಿದ್ದು ಸಾಕು, ಸುಮ್ಕಿರ್ಲಾ” ಅಂದಳು.

ಆಮೇಲೆ ಅಕ್ಕ ಸೀರೆಯ ನೆರಿಗೆ ಒಟ್ಟು ಮಾಡಿ ಸೊಂಟಕ್ಕೆ ಸಿಕ್ಕಿಸಿದಳು. ಎರಡೂ ಕೈ ಸೀಟಿಗೆ ಊರಿ, ಮೈಯನ್ನು ಎತ್ತಿ, ಆ ಹೊಳೆಯುವ ನೆಲದ ಮೇಲೆ ಇಳಿದಳು.

ಮೂರು ವರ್ಷದಿಂದ ಇಳಿಯದವಳು. ಸುತ್ತ ಸೂಟ್‌ಕೇಸಿನ ಚಕ್ರಗಳು, ಷೂಗಳು, ಮೊಣಕಾಲುಗಳು. ಒಂದು ಸಾಲೇ ಸರಿದು ಜಾಗ ಬಿಟ್ಟಿತು. ಅಕ್ಕ ಅಂಗೈ ಊರಿಕೊಂಡು ಗಾಡಿಯ ಹಿಂದಕ್ಕೆ ತೆವಳಿದಳು. ಸೀಟು ತೆಗೆದಳು. ನಾಲ್ಕು ಬೋಲ್ಟು ಬಿಚ್ಚಿ, ಒಂದೊಂದನ್ನೂ ಅದು ಇದ್ದ ಮೂಲೆಯ ನೇರಕ್ಕೇ ನೆಲದ ಮೇಲೆ ಇಟ್ಟಳು. ತೊಟ್ಟಿಲು ಎತ್ತಿದಳು. ಮೊಬೈಲ್ ಬೆಳಕು ಹಿಡಿಯಲು ನನಗೆ ಅವಕಾಶ ಸಿಕ್ಕಿತು. ಅಕ್ಕನ ಕೈ ನಮ್ಮೂರಿನ ಬೆಂಚಿನ ಮುಂದೆ ಕೂತು ಪಂಪು ಬಿಚ್ಚುವಾಗ ಹೆಂಗೋ ಹಂಗೇ ಇತ್ತು. ಸೆರಗಿನ ತುದಿಯಲ್ಲಿ ತಗಡನ್ನು ಒರೆಸಿದಳು. ಇಪ್ಪತ್ನಾಲ್ಕು ವೋಲ್ಟ್, ಹತ್ತು ಆಂಪಿಯರ್-ಅವರ್, ಇನ್ನೂರ ನಲವತ್ತು ವಾಟ್-ಅವರ್. ಕೆಳಗೆ ಬ್ಯಾಟರಿ ನಂಬರ್.

ಬ್ಯಾಟರಿಯನ್ನು ಬೋರಲು ಹಾಕಿ ನೋಡು ತಾಯಿ, ಅಡೀಲಿ ಕೊರೆದವ್ರೆ ಅಂತ ಮಂಜುಶ್ರೀಗೆ ಹೇಳಿದಳು. ನನ್ನ ನಾರು ಅಲ್ಲಿಗೆ ಹೋಗಿರಲಿಲ್ಲ. ದೇವರು ದೊಡ್ಡವನು, ನಾನು ಸೋಮಾರಿ. ಅಕ್ಕ ನೆಲದಿಂದ ಒಂದೊಂದೇ ಅಂಕಿ ಓದಿದಳು, ಮಂಜುಶ್ರೀ ಮೇಲಿನಿಂದ ಬೆರಳಿಟ್ಟು ಹೂಂ, ಹೂಂ ಅಂದಳು. ಹನ್ನೊಂದು ಅಂಕಿ, ಹನ್ನೊಂದು ಹೂಂ. ಎಂಟನೆಯದರ ಹೊತ್ತಿಗೆ ಸಾಲಿನಲ್ಲಿ ನಿಂತಿದ್ದವರೂ ಎಣಿಸತೊಡಗಿದ್ದರು. ಕೊನೆಯದು ಸೊನ್ನೆ. ಹೂಂ ಅಂದಳು ಮಂಜುಶ್ರೀ, ಸ್ವಲ್ಪ ಜೋರಾಗಿಯೇ.

ಸಾಹೇಬರು ತಗಡಿನ ಫೋಟೋ ತೆಗೆದು ಯಾರಿಗೋ ಕಳಿಸಿದರು, ಫೋನಿನಲ್ಲಿ ಮಾತಾಡಿದರು, ತಲೆಯಾಡಿಸಿದರು. ಬ್ಯಾಟರಿಯ ತುದಿಗಳಿಗೆ ಟೇಪ್ ಸುತ್ತಬೇಕು ಅಂತ ಅವರು ಹೇಳುವ ಹೊತ್ತಿಗೆ ಅಕ್ಕ ಸುತ್ತಿಯಾಗಿತ್ತು. ಗಾಡಿ ಜೋಡಿಸಿ ಮೇಲೆ ಹತ್ತಿ ಕೂತಳು. ಸಾಹೇಬರು ಕೈ ಕೊಡಲು ಬಂದವರು ಅವಳ ತೋಳು ನೋಡಿ ಹಿಂದೆ ಸರಿದರು. ಬಿಚ್ಚಿ ಜೋಡಿಸಿ ಎಲ್ಲಾ ಹತ್ತೊಂಬತ್ತು ನಿಮಿಷ. ನಾನು ಲೆಕ್ಕ ಇಟ್ಟಿದ್ದೆ, ನನಗೆ ಬೇರೆ ಕೆಲಸ ಇರಲಿಲ್ಲ.

ಟೇಪ್ ಬಿಚ್ಚಿ ಬ್ಯಾಟರಿ ಮತ್ತೆ ಕೂರಿಸಿಕೊಂಡು ವಿಮಾನದ ಬಾಗಿಲವರೆಗೂ ಗಾಡಿಯಲ್ಲೇ ಹೋದಳು. ಅಲ್ಲಿ ಬ್ಯಾಟರಿ ಬಿಚ್ಚಿ ಟೇಪ್ ಸುತ್ತಿ, ಸೀಟುಗಳ ನಡುವೆ ಹೋಗುವ ಕಿರಿದಾದ ಕುರ್ಚಿಗೆ ದಾಟಿ ತನ್ನ ಸೀಟು ಸೇರಿದಳು. ಬ್ಯಾಟರಿಯ ಚೀಲವನ್ನು ನನ್ನ ಕಾಲ ಬಳಿ ಇಡಿಸಿದಳು. ನೆಲ ಬಿಟ್ಟಾಗ ನಾನು ಕಣ್ಣು ಮುಚ್ಚಿಕೊಂಡೆ. ಅಕ್ಕ ಕಿಟಕಿಗೆ ಹಣೆ ಒತ್ತಿಕೊಂಡು ಕೆಳಗೆ ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ, ಇಷ್ಟು ಎತ್ತರದಿಂದ ಯಾರ ಮೊಣಕಾಲೂ ಕಾಣಲ್ಲ ಕಣ್ಲಾ ಅಂದಳು, ತನಗೇ ಹೇಳಿಕೊಂಡಂಗೆ.

ನಾಗಪುರದಲ್ಲಿ ವಿಮಾನದ ಬಾಗಿಲಿಗೇ ಗಾಡಿ ತಂದುಕೊಟ್ಟರು. ಅಕ್ಕ ಚಕ್ರ ಮುಟ್ಟಿ ನೋಡಿ, ಬ್ಯಾಟರಿ ಕೂರಿಸಿ, ಹಾರ್ನ್ ಹೊಡೆದಳು. ಮಾರನೆಯ ದಿನ ಇಪ್ಪತ್ತು ಹೆಂಗಸರು ಅಂಗಳದಲ್ಲಿ ಕಾದಿದ್ದರು. ಗೇಟಿನಿಂದ ತಾನೇ ಗಾಡಿ ಓಡಿಸಿಕೊಂಡು ಒಳಗೆ ಬಂದ ಮೇಡಂ ಅನ್ನು ನೋಡಿ ಎಲ್ಲರೂ ಎದ್ದು ನಿಂತರು. ಅಕ್ಕನಿಗೆ ಹಿಂದಿ ಬರದು, ಅವರಿಗೆ ಕನ್ನಡ ಬರದು. ಒಂದು ಪಂಪು ಎತ್ತಿ ಸ್ವಿಚ್ ಒತ್ತಿ ಅಕ್ಕ ಕಿವಿಗೆ ಹಿಡಿದಳು. ಇಪ್ಪತ್ತೂ ಜನ ಹಿಡಿದರು. ಎರಡನೇ ದಿನ ಸಂಜೆಗೆ ಅವರಲ್ಲಿ ಒಬ್ಬಳು ಬಿಚ್ಚುವ ಮೊದಲೇ ‘ವಾಷರ್’ ಅಂದಳು. ಅಕ್ಕ ನನ್ನ ಕಡೆ ತಿರುಗಿ ನೋಡಿದ ನೋಟದ ಅರ್ಥ ನನಗೆ ಗೊತ್ತಾಯಿತು.

ವಾಪಸ್ ಬರುವಾಗ ಗೌರಿಬಿದನೂರಿನಲ್ಲಿ ಕಾಫಿಗೆ ಕಾರು ನಿಲ್ಲಿಸಿದೆವು. ನನ್ನ ಹೊಟ್ಟೆಯೊಳಗೆ ನಾಲ್ಕು ದಿನದಿಂದ ಒಂದು ಮಾತು ಕೂತಿತ್ತು. ಹಾಳು ಮಾಡಿದವನು ನಾನು, ನೆಲಕ್ಕೆ ಇಳಿದವಳು ಅವಳು. ಏನಾದರೂ ದೊಡ್ಡ ಮಾತು ಹೇಳುತ್ತಾಳೆ, ಅದನ್ನು ಕೇಳಿ ನನ್ನ ತಪ್ಪು ಸ್ವಲ್ಪ ಹಗುರವಾಗುತ್ತದೆ ಅನ್ನುವ ಆಸೆಯೂ ಇತ್ತು. ಕೇಳಿಯೇ ಬಿಟ್ಟೆ.

“ಅಕ್ಕಾ, ಅವತ್ತು ಅಷ್ಟು ಜನರ ಮುಂದೆ ತೆವಳ್ದಾಗ ನಾಚ್ಕೆ ಆಗ್ಲಿಲ್ವಾ?”

ಅಕ್ಕ ಕಾಫಿ ಮುಗಿಸಿ ಲೋಟ ನನ್ನ ಕೈಗೆ ಕೊಟ್ಟಳು.

“ನಾಚ್ಕೆ ಆಯ್ತು ಕಣ್ಲಾ. ಗಾಡಿ ಬಂತಲ್ಲ.”